ಗಾಂಧಿನಗರದ ದಾರಿ ಹಾಕಿದವರು

ಬೆಂಗಳೂರಿನ ಸಿನಿಮಾ ಚರಿತ್ರೆಯನ್ನು ನಾವು ನಾಯಕ ನಟರ ಹೆಸರಿನಲ್ಲಿ ಹೇಳಿಕೊಂಡು ಬಂದಿದ್ದೇವೆ. ದುಡ್ಡು ಹಾಕಿದವರು, ಹಂಚಿದವರು, ಪರದೆ ಕಟ್ಟಿದವರು ಟೈಟಲ್ ಕಾರ್ಡಿನಲ್ಲಿ ಕಂಡು ಮರೆಯಾಗುತ್ತಾರೆ. ಆದರೆ 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಬಂಡವಾಳ ಹೂಡಿದವರು ಬೆಂಗಳೂರಿನ ಮಾರವಾಡಿ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ, ಇಲ್ಲಿ ಸ್ಟುಡಿಯೋ ಇಲ್ಲದ್ದರಿಂದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ರಾಜ್‌ಕುಮಾರ್ ನಾಯಕರಾದ ‘ಬೇಡರ ಕಣ್ಣಪ್ಪ’ (1954) ಹುಟ್ಟಿದ್ದು ನಾಟಕ ಕಂಪನಿಯ ಯಜಮಾನ ಗುಬ್ಬಿ ವೀರಣ್ಣನವರ ಸಾಹಸದ ನೆರಳಿನಲ್ಲಿ. ಈ ನಗರದಲ್ಲಿ ಪ್ರತಿಭೆಗೆ ಎಂದೂ ಬರವಿರಲಿಲ್ಲ. ಚಿತ್ರ ಪ್ರೇಕ್ಷಕನನ್ನು ಮುಟ್ಟುವ ದಾರಿಗೇ ಬರ. ಅದನ್ನು ಹಾಕಿಕೊಟ್ಟವರೇ ಇಲ್ಲಿ ಉಳಿದರು ಎಂಬುದು ನನ್ನ ವಾದ.

ಪಾರ್ವತಮ್ಮ ರಾಜ್‌ಕುಮಾರ್ ಇದಕ್ಕೆ ಎದ್ದು ಕಾಣುವ ಸಾಕ್ಷಿ. 1975ರ ‘ತ್ರಿಮೂರ್ತಿ’ಯಿಂದ ನಿರ್ಮಾಣಕ್ಕಿಳಿದ ಅವರು ಗಂಡನ ಜನಪ್ರಿಯತೆಯನ್ನು ಒಂದು ಸಂಸ್ಥೆಯಾಗಿ ಮಾರ್ಪಡಿಸಿದರು. ನಟನೊಬ್ಬ ಎಷ್ಟೇ ದೊಡ್ಡವನಾದರೂ ಸಂಭಾವನೆ ಪಡೆದಲ್ಲಿಗೆ ಅವನ ಲೆಕ್ಕ ಮುಗಿಯುತ್ತದೆ; ಚಿತ್ರದ ಹಕ್ಕು ಯಾರ ಕೈಯಲ್ಲಿದೆಯೋ ವರ್ಷಗಳ ನಂತರದ ಮರುಬಿಡುಗಡೆಯ ಗಳಿಕೆಯೂ ಅವರದೇ. ಈ ಗುಟ್ಟು ಅವರಿಗೆ ಗೊತ್ತಿತ್ತು. ಕಥೆಯ ಆಯ್ಕೆ, ನಿರ್ಮಾಣ, ವಜ್ರೇಶ್ವರಿ ಕಂಬೈನ್ಸ್ ಮೂಲಕ ಹಂಚಿಕೆ ಎಲ್ಲವೂ ಒಂದೇ ಸೂರಿನಡಿ ಬಂದದ್ದರಿಂದ ಹೊಸಬರ ಮೇಲೆ ಹಣ ಹಾಕುವ ಧೈರ್ಯವೂ ಬಂತು: ‘ಆನಂದ್’ನಲ್ಲಿ ಸುಧಾರಾಣಿ, ‘ನಂಜುಂಡಿ ಕಲ್ಯಾಣ’ದಲ್ಲಿ ಮಾಲಾಶ್ರೀ, ‘ಅಪ್ಪು’ವಿನಲ್ಲಿ ರಕ್ಷಿತಾ, ‘ಅಭಿ’ಯಲ್ಲಿ ರಮ್ಯಾ. ಮಕ್ಕಳನ್ನೂ ಅಲ್ಲಿಂದಲೇ ಮುಂದೆ ತಂದರು ಎಂಬ ಆಕ್ಷೇಪ ಇದೆ, ಸುಳ್ಳೂ ಅಲ್ಲ. ಆದರೆ ಈ ನಾಲ್ವರು ನಾಯಕಿಯರಲ್ಲಿ ಯಾರೂ ಆ ಮನೆಯ ಮಕ್ಕಳಲ್ಲ.

ನಟ, ನಿರ್ದೇಶಕ ಶಂಕರ್ ನಾಗ್ ಬೇರೆ ದಾರಿ ಹಿಡಿದರು. ರೆಕಾರ್ಡಿಂಗ್‌ಗೆ ಮದ್ರಾಸಿಗೆ ಓಡುವ ಕಾಲದಲ್ಲಿ ಅವರು ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ತೆರೆದರು. 1990ರಲ್ಲಿ ಅವರು ತೀರಿಕೊಂಡ ಮೇಲೆ ಪತ್ನಿ ಅರುಂಧತಿ ನಾಗ್ ಜೆ.ಪಿ. ನಗರದಲ್ಲಿ ಕಟ್ಟಿಸಿದ ರಂಗಶಂಕರ 2004ರಿಂದ ನಾಟಕಕ್ಕೊಂದು ಖಾಯಂ ಮನೆಯಾಗಿದೆ. ಇತ್ತ 1987ರ ‘ಪ್ರೇಮಲೋಕ’ದ ಹಾಡುಗಳು ಲಹರಿ ಸಂಸ್ಥೆಯ ಕ್ಯಾಸೆಟ್‌ಗಳಲ್ಲಿ ಹಳ್ಳಿಹಳ್ಳಿ ಸೇರಿದವು. ಸಂಗೀತ ನಿರ್ದೇಶಕ ಹಂಸಲೇಖರ ಪ್ರತಿಭೆ ಇಲ್ಲದೆ ಆ ಕ್ಯಾಸೆಟ್ ಇಲ್ಲ, ಒಪ್ಪಿದೆ. ಆದರೆ ಥಿಯೇಟರ್ ಇಲ್ಲದ ಊರಿಗೂ ಆ ಹಾಡು ಹೋದದ್ದು ಕ್ಯಾಸೆಟ್ ವ್ಯಾಪಾರದಿಂದ.

‘ದಾರಿ ಹಿಡಿದವರು ದಾರಿಯನ್ನೇ ಕಟ್ಟಿಹಾಕುವುದಿಲ್ಲವೇ?’ ಎಂದು ಕೇಳಬಹುದು. ನಿಜವಾಗಿಯೂ ಭಾರವಾದ ಪ್ರಶ್ನೆ ಇದು. ಕರ್ನಾಟಕದ ಒಂಟಿ ಪರದೆಯ ಥಿಯೇಟರುಗಳಲ್ಲಿ ವಾರದ ಬಾಡಿಗೆ ಕಟ್ಟಿ ಚಿತ್ರ ಹಾಕುವ ಪದ್ಧತಿ ಬಹುಕಾಲ ನಡೆಯಿತು. ಜನ ಬಂದರೂ ಬಿಟ್ಟರೂ ಬಾಡಿಗೆ ಕೊಡಲೇಬೇಕು. ದೊಡ್ಡವರು ತಡೆದುಕೊಂಡರು, ಸಣ್ಣ ನಿರ್ಮಾಪಕ ಮೊದಲ ವಾರದಲ್ಲೇ ಕುಸಿದ. 2013ರಲ್ಲಿ ತೆರೆಕಂಡ ‘ಲೂಸಿಯಾ’ಕ್ಕೆ ನಿರ್ದೇಶಕ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಹಣ ಕೂಡಿಸಿದಾಗ ಚಿತ್ರ ತೆಗೆಯಲು ಚಿತ್ರೋದ್ಯಮದ ಬೀಡಾದ ಗಾಂಧಿನಗರದ ಸಾಹುಕಾರರು ಬೇಕಿಲ್ಲ ಎಂಬುದು ಸಾಬೀತಾಯಿತು. ಹಣವೊಂದೇ ಸಾಲುತ್ತಿದ್ದರೆ ಅಂಥ ಪ್ರಯೋಗಗಳು ಆಮೇಲೆ ಸಾಲುಗಟ್ಟಬೇಕಿತ್ತು. ಸಾಲುಗಟ್ಟಲಿಲ್ಲ. ಚಿತ್ರ ತೆಗೆಯುವ ಹಣ ಹೇಗೋ ಕೂಡುತ್ತದೆ, ಬಿಡುಗಡೆಯ ದಿನ ಪರದೆ ಸಿಗುವುದೇ ಕಷ್ಟ.

ಹೊಂಬಾಳೆ ಫಿಲ್ಮ್ಸ್‌ನ ವಿಜಯ್ ಕಿರಗಂದೂರು ಚಿತ್ರವನ್ನು ಪರದೆಗೆ ಮುಟ್ಟಿಸುವ ಈ ಲೆಕ್ಕವನ್ನು ದೊಡ್ಡದಾಗಿ ಮಾಡಿದರು. 2018ರ ‘ಕೆಜಿಎಫ್’ ಐದು ಭಾಷೆಗಳಲ್ಲಿ ತೆರೆಕಂಡಿತು. ‘ಕಾಂತಾರ’ 2022ರಲ್ಲಿ ಮೊದಲು ಕನ್ನಡದಲ್ಲಿ ಬಂದು, ಜನ ಮೆಚ್ಚಿದ ಮೇಲೆ ಹೊರಗೆ ಹೋಯಿತು. ಕರಾವಳಿಯ ಭೂತಾರಾಧನೆಯ ಕಥೆಯೂ ದೂರ ಸಾಗಬಲ್ಲುದು ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಡ. ಹಾಗೆಂದು ಒಂದೆರಡು ಸಂಸ್ಥೆಗಳ ಯಶಸ್ಸನ್ನೇ ಚಿತ್ರರಂಗದ ಆರೋಗ್ಯ ಎಂದು ತಿಳಿಯುವುದು ಆತುರ. ಪರದೆಯೇ ಕೊರತೆಯಾದ್ದರಿಂದ, ಚಿತ್ರಗಳಿಗೆ ಸರ್ಕಾರ ಕೊಡುವ ಸಹಾಯಧನದಲ್ಲಿ ಒಂದು ಪಾಲು ಚಿತ್ರ ತಯಾರಿಸುವವರನ್ನು ದಾಟಿ, ಸಣ್ಣ ಚಿತ್ರಗಳನ್ನು ಎರಡು ವಾರ ಉಳಿಸಿಕೊಳ್ಳುವ ಪ್ರದರ್ಶಕರಿಗೂ ಸಿಗುವಂತಾಗಲಿ.