ಬಚ್ಚಲುಮನೆ ಮೂಲೆಯ ಎರಡು ಕಡ್ಡಿ

ಹೋದ ವರ್ಷ ನನ್ನ ವಿದ್ಯಾರ್ಥಿವೇತನ ಕೈತಪ್ಪಿತು. ಅಂಕ ಕಡಿಮೆ ಬಂದಿದ್ದಕ್ಕಲ್ಲ, ಅಪ್ಪಯ್ಯನ ಮೊಬೈಲಿಗೆ ರೀಚಾರ್ಜ್ ಇಲ್ಲದ್ದಕ್ಕೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಮೂಲೆಯಲ್ಲಿ. ನಾನು ಶಿವಮೊಗ್ಗದ ಪಿ.ಜಿ.ಯೊಂದರಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೇನೆ. ಚಿಕ್ಕವಳಿದ್ದಾಗ ಆಧಾರ್ ಮಾಡಿಸುವಾಗ ಕೊಟ್ಟಿದ್ದು ಅಪ್ಪಯ್ಯನ ನಂಬರು. ಅದನ್ನು ಬದಲಾಯಿಸಬೇಕೆಂದು ಪ್ರತಿ ರಜೆಯಲ್ಲೂ ಅಂದುಕೊಳ್ಳುತ್ತಿದ್ದೆ, ಪ್ರತಿ ರಜೆಯಲ್ಲೂ ಮರೆಯುತ್ತಿದ್ದೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಒಂದರ ಹಿಂದೊಂದು ದರ ಏರಿಸಿದ ಮೇಲೆ ಅಪ್ಪಯ್ಯ ರೀಚಾರ್ಜ್ ಮಾಡಿಸುವುದನ್ನೇ ಬಿಟ್ಟರು. ‘ನಂಗೆ ಯಾರು ಫೋನ್ ಮಾಡ್ತಾರೆ ಮಗಾ? ಮಾಡಿದ್ರೂ ದಣಪೆ ಹತ್ರ ಹೋಗಿ ನಿಲ್ಬೇಕು’ ಅನ್ನುವುದು ಅವರ ವಾದ. ನಿಜವೇ. ಅವರ ಕೀಪ್ಯಾಡ್ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ದಣಪೆಯ ಕಂಬಕ್ಕೆ ನೇತುಹಾಕಿದಾಗ ಮಾತ್ರ.

ಅರ್ಜಿಯ ಕೊನೆಯ ದಿನ ಸೈಬರ್ ಸೆಂಟರಿನಲ್ಲಿ ಕೂತು ಒಟಿಪಿ ಒತ್ತಿದೆ. ಒಟಿಪಿ ಹೋಗಬೇಕಾದ ನಂಬರಿಗೆ ಒಳಬರುವ ಕರೆ, ಮೆಸೇಜು ಎಲ್ಲ ನಿಂತು ಎಷ್ಟೋ ದಿನವಾಗಿತ್ತು. ಪಕ್ಕದ ಮನೆಗೆ ಫೋನು ಮಾಡಿ, ಅವರು ಕೂಗಿ, ಅಪ್ಪಯ್ಯ ತೋಟದಿಂದ ಬರುವಷ್ಟರಲ್ಲಿ ಸೆಂಟರಿನವರು ಬಾಗಿಲು ಎಳೆಯುತ್ತಿದ್ದರು. ಕೊನೆಯ ದಿನದ ತನಕ ಕಾದದ್ದು ನನ್ನದೇ ತಪ್ಪು. ಆದರೆ ರಾತ್ರಿ ಅಪ್ಪಯ್ಯ ಪಕ್ಕದ ಮನೆಯ ಫೋನಿನಿಂದ ‘ನನ್ನಿಂದಾನೇ ಆಗಿದ್ದಲ್ವಾ?’ ಅಂತ ಕೇಳಿದಾಗ ಏನು ಹೇಳುವುದೆಂದು ತೋಚಲಿಲ್ಲ.

ಆ ಹೊತ್ತಿಗೆ ನಾನು ಹೊಸ ಫೋನಿನ ಕನಸಿನಲ್ಲಿದ್ದೆ. ಅಣ್ಣ ಬಿಟ್ಟ ಹಳೆಯ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಸಾಯುತ್ತಿತ್ತು. ಎರಡು ವರ್ಷ ರಜೆಯಲ್ಲಿ ಅಡಿಕೆ ಸುಲಿದು ಕೂಡಿಟ್ಟ ದುಡ್ಡು 12 ಸಾವಿರ ಇತ್ತು. ಯುಟ್ಯೂಬಿನಲ್ಲಿ ಫೋನು ಬಿಚ್ಚಿ ತೋರಿಸುವ ವಿಡಿಯೊಗಳನ್ನು ನೋಡಿ ನೋಡಿ ಮೆಗಾಪಿಕ್ಸೆಲ್ ಲೆಕ್ಕ ಬಾಯಿಪಾಠವಾಗಿತ್ತು. ಆದರೆ ನಮ್ಮ ಮನೆಯ ಜಗಲಿಯಲ್ಲಿ ಆ ಫೋನಿಗೆ ಸಿಗ್ನಲ್ ಬರುತ್ತದಾ ಎಂದು ಯಾವ ವಿಡಿಯೊದವರೂ ಹೇಳಲಿಲ್ಲ. ಪಾಪ, ಅವರಿಗೇನು ಗೊತ್ತು.

ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಕೊನೆಕೊಯ್ಲು ಶುರುವಾಗಿತ್ತು. ಸಂಜೆ ನಮ್ಮ ಅಂಗಳದಲ್ಲಿ ಸುಲಿಯುವವರು ಒಂಬತ್ತು ಜನ. ಒಬ್ಬೊಬ್ಬರದು ಒಂದೊಂದು ಕಂಪನಿಯ ಸಿಮ್. ತಟ್ಟನೆ ಹೊಳೆಯಿತು. ಎಲ್ಲರ ಫೋನನ್ನೂ ಬೇಡಿ ತೆಗೆದುಕೊಂಡು ಮನೆಯ ಮೂಲೆ ಮೂಲೆಗೂ ಇಟ್ಟು ನೋಡಿದೆ. ಜಗಲಿ, ಅಡುಗೆಮನೆ ಕಿಟಕಿ, ಅಟ್ಟ, ಕೊಟ್ಟಿಗೆ. ‘ಈ ಹುಡ್ಗಿಗೆ ಎಂತ ಆಯ್ತು ಮಾರಾಯ್ತಿ’ ಅಂತ ಎಲ್ಲರೂ ಮೆಟ್ಟುಗತ್ತಿ ಬಿಟ್ಟು ನಗುತ್ತಿದ್ದರು. ನನ್ನ ಶಿವಮೊಗ್ಗದ ಸಿಮ್ ಕಂಪನಿಯದು ಎಲ್ಲ ಕಡೆಯೂ ಸೊನ್ನೆ. ಅಲ್ಲಿ 5ಜಿ ಓಡುತ್ತದೆಂದು ನಾನು ಹೆಮ್ಮೆಪಡುತ್ತಿದ್ದದ್ದು ಅದೇ ಸಿಮ್ಮು. ಇನ್ನೊಂದು ಕಂಪನಿಯ ಎರಡು ಫೋನುಗಳಿಗೆ ಮಾತ್ರ ಬಚ್ಚಲುಮನೆಯ ಮೂಲೆಯಲ್ಲಿ ಎರಡು ಕಡ್ಡಿ ಬಂತು. ಒಂದರಲ್ಲಿ ವಾಟ್ಸ್‌ಆ್ಯಪ್ ಮೆಸೇಜೂ ಹೋಯಿತು.

ಅಲ್ಲಿಂದ ನನ್ನ ಲೆಕ್ಕವೇ ತಿರುಗಿತು. ಮೊದಲು ಟವರ್, ಆಮೇಲೆ ಪ್ಲಾನ್, ಕೊನೆಗೆ ಫೋನು.

ಪ್ಲಾನಿನ ವಿಷಯದಲ್ಲಿ ಬಿ.ಕಾಂ. ಓದಿದ್ದು ಸ್ವಲ್ಪ ಉಪಯೋಗಕ್ಕೆ ಬಂತು. 28 ದಿನದ ಪ್ಯಾಕ್ ಅಂದರೆ ವರ್ಷಕ್ಕೆ 12 ಸಲವಲ್ಲ, 13 ಸಲ ರೀಚಾರ್ಜ್. ಕನಿಷ್ಠ ಒಂದಾದರೂ 30 ದಿನದ ಪ್ಲಾನ್, ಜೊತೆಗೆ ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಇನ್ನೊಂದು ಪ್ಲಾನ್ ಇಡಲೇಬೇಕೆಂದು ಟ್ರಾಯ್ 2022ರಲ್ಲೇ ಕಂಪನಿಗಳಿಗೆ ಹೇಳಿದೆ. ಆ್ಯಪಿನಲ್ಲಿ ತುಂಬಾ ಕೆಳಗೆ ಬೆರಳು ಎಳೆದರೆ ಸಿಗುತ್ತದೆ. ಇನ್ನು ದಿನಕ್ಕೆ 2 ಜಿಬಿ ಅನ್ನುವುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ತೆಗೆದು ನೋಡಿದರೆ ನನ್ನದು ದಿನಕ್ಕೆ ಮುಕ್ಕಾಲು ಜಿಬಿಯನ್ನೂ ದಾಟುತ್ತಿರಲಿಲ್ಲ. ಪಿ.ಜಿ.ಯಲ್ಲಿ ವೈಫೈ ಇದೆಯಲ್ಲ! ಉಳಿದದ್ದು ನಾಳೆಗೆ ಸೇರುವುದಿಲ್ಲ, ರಾತ್ರಿ ಹನ್ನೆರಡಕ್ಕೆ ಮುಗಿದೇ ಹೋಗುತ್ತದೆ. ಎರಡು ವರ್ಷ ಮಧ್ಯರಾತ್ರಿಗೆ ಎಷ್ಟು ಅಡಿಕೆ ಸುಲಿದ ಕೂಲಿ ಹರಿದುಹೋಯಿತೋ, ಲೆಕ್ಕ ಹಾಕಲಿಲ್ಲ.

1900ಕ್ಕೆ ಪೋರ್ಟ್ ಎಂದು ಮೆಸೇಜ್ ಹಾಕಿ, ಬಂದ ಕೋಡ್ ತೋರಿಸಿ ನನ್ನ ನಂಬರನ್ನು ಬಚ್ಚಲುಮನೆಯ ಕಂಪನಿಗೆ ದಾಟಿಸಿದೆ. ಶಿವಮೊಗ್ಗದಲ್ಲಿ ವೇಗ ತುಸು ಕಡಿಮೆಯಾಯಿತು. ರೂಮಿನ ಗೆಳತಿಯರು ‘ಹಿಂದಕ್ಕೆ ಹೋದೆ ಬಿಡು’ ಎಂದರು.

ಫೋನಿನ ಅಂಗಡಿಯಲ್ಲಿ ಒಂದು ತಮಾಷೆ. ಹುಡುಗ ‘ಅಕ್ಕಾ, 16 ಜಿಬಿ ರ್‍ಯಾಮ್’ ಅಂದ. ವಿವರ ಓದಿದರೆ ನಿಜವಾದದ್ದು 8. ಇನ್ನೆಂಟು ಸ್ಟೋರೇಜಿನಿಂದ ಎರವಲು ತಂದದ್ದು. ಮೂರು ಕ್ಯಾಮೆರಾದಲ್ಲಿ ಎರಡು ಲೆಕ್ಕಕ್ಕಷ್ಟೇ. ‘700, 850, 900 ಮೆಗಾಹರ್ಟ್ಸ್ ಬ್ಯಾಂಡ್ ಹಿಡಿಯುತ್ತದಾ?’ ಎಂದು ಕೇಳಿದಾಗ ಅವನು ಮಾಲೀಕರ ಮುಖ ನೋಡಿದ. ತರಂಗದ ಆವರ್ತನ ಕಡಿಮೆಯಿದ್ದಷ್ಟೂ ಸಿಗ್ನಲ್ ದೂರ ಹೋಗುತ್ತದೆ. ಮರ, ಗೋಡೆಗಳನ್ನೂ ಹೆಚ್ಚು ಚೆನ್ನಾಗಿ ದಾಟುತ್ತದೆ. ಮಲೆನಾಡಿನವರಿಗೆ ಕ್ಯಾಮೆರಾಗಿಂತ ಮುಖ್ಯವಾದದ್ದು ಇದು. ಕೊನೆಗೆ ಫೋನ್ ಕಂಪನಿಯ ವೆಬ್‌ಸೈಟಿನಲ್ಲಿ ನಾನೇ ಹುಡುಕಿ, ಬ್ಯಾಂಡು ಇದ್ದ, ದೊಡ್ಡ ಬ್ಯಾಟರಿಯ, ಸಾಧಾರಣ ಕ್ಯಾಮೆರಾದ ಒಂದನ್ನು 9 ಸಾವಿರ ಚಿಲ್ಲರೆಗೆ ತಂದೆ. ಬಣ್ಣ ಇಷ್ಟವಾಗಲಿಲ್ಲ. ಇವತ್ತಿಗೂ ಇಷ್ಟವಿಲ್ಲ.

ಉಳಿದ ದುಡ್ಡು ಅಪ್ಪಯ್ಯನಿಗೆ. ಇಂಟರ್ನೆಟ್ ಬೇಡದವರಿಗಾಗಿ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಬೇಕು, ಅವಧಿ 365 ದಿನದವರೆಗೂ ಇರಬಹುದು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತ್ತು. ಜನವರಿಯಲ್ಲಿ ಅಂಥ ಪ್ಯಾಕ್‌ಗಳು ಬಂದವು. ಅವರ ನಂಬರಿಗೆ ಒಂದು ಸಣ್ಣ ರೀಚಾರ್ಜ್ ಹಾಕಿಸಿ ಜೀವ ಬರಿಸಿ, ಅದನ್ನೂ ಪೋರ್ಟ್ ಮಾಡಿಸಿ, ವರ್ಷಪೂರ್ತಿಯದ್ದನ್ನು ಹಾಕಿಸಿದೆ. ಹಳೆಯ 2ಜಿ ಕೀಪ್ಯಾಡ್ ಫೋನು ಎಲ್ಲ ಕಡೆ ನಡೆಯುವುದಿಲ್ಲ ಎನ್ನುವುದನ್ನು ಮಾತ್ರ ಮೊದಲೇ ವಿಚಾರಿಸಬೇಕು. ಜಿಯೊದಲ್ಲಿ 2ಜಿ ಜಾಲವೇ ಇಲ್ಲ. ನಮ್ಮದು ಪುಣ್ಯಕ್ಕೆ ನಡೆಯಿತು.

‘ವರ್ಷದ್ದಾ? ಅಷ್ಟೊಂದು ದುಡ್ಡು ಒಂದೇ ಸಲಕ್ಕಾ?’ ಎಂದು ಅಪ್ಪಯ್ಯ ಮುಖ ಸಿಂಡರಿಸಿದರು. ಫೋನಿನ ಜಾಗ ದಣಪೆಯಿಂದ ಬಚ್ಚಲುಮನೆ ಕಿಟಕಿಗೆ ಬಂತು. ಹಂಡೆಯ ಹೊಗೆ ತಾಗದಿರಲಿ ಎಂದು ಅಮ್ಮ ಅದಕ್ಕೊಂದು ಬಟ್ಟೆಯ ಚೀಲ ಹೊಲಿದಳು.

ಈ ಸಲ ಅರ್ಜಿ ಹಾಕುವ ದಿನ ಮೊದಲೇ ಹೇಳಿಟ್ಟಿದ್ದೆ. ಒಟಿಪಿ ಒತ್ತಿದ ಎರಡು ನಿಮಿಷಕ್ಕೆ ಅಪ್ಪಯ್ಯನಿಂದಲೇ ಫೋನು. ಮೆಸೇಜು ನೋಡುತ್ತಾ ಮಾತಾಡಲು ಬಾರದೆ, ಆರು ಅಂಕೆಯನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡಿದ್ದರು. ಒಂದೊಂದಾಗಿ ಓದಿ, ‘ಸರಿ ಉಂಟಾ? ಇನ್ನೊಂದ್ಸಲ ಓದ್ಲಾ?’ ಎಂದರು. ಅರ್ಜಿ ಹೋಯಿತು.

ಮೊನ್ನೆ ಊರಿಗೆ ಹೋದಾಗ ಆ ಅಂಕೆಗಳು ಕ್ಯಾಲೆಂಡರಿನಲ್ಲಿ ಹಾಗೇ ಇದ್ದವು. ಆ ಒಟಿಪಿ ಹತ್ತು ನಿಮಿಷಕ್ಕೇ ಮುಗಿಯಿತು, ಅಳಿಸಿ ಅಂದೆ.

‘ಇರ್ಲಿ ಬಿಡು. ಮುಂದಿನ ವರ್ಷಕ್ಕೂ ಬೇಕಾಗ್ತದೆ’ ಎಂದರು ಅಪ್ಪಯ್ಯ.