ಕಾಫಿತೋಟದ ಬೆಕ್ಕೂ ಅದರ ನೆರೆಹೊರೆಯೂ

1919ರಲ್ಲಿ ಅಮೆರಿಕದ ಮೂಕಿಚಿತ್ರದ ತೆರೆಯ ಮೇಲೆ ಫೀಲಿಕ್ಸ್ ಎಂಬ ಕರಿಯ ಬೆಕ್ಕು ಅವತರಿಸಿದ ಲಾಗಾಯ್ತು, ಮಾರ್ಜಾಲದ ಸಹಜ ಕುತೂಹಲವನ್ನೇ ಬಂಡವಾಳ ಮಾಡಿಕೊಂಡ ಕಾರ್ಟೂನುಗಳಿಗೆ ಲೆಕ್ಕವಿಲ್ಲ. ಆದರೆ ಅಂಥದೊಂದು ಬೆಕ್ಕನ್ನು ಕಾವೇರೀತೀರದ ನೆಲ್ಯಹುದಿಕೇರಿಯಲ್ಲಿ ಕಾಫಿತೋಟದ ಕಾರ್ಮಿಕರ ಲೈನ್‌ಮನೆಯೊಂದರ ಜಗಲಿಯ ಮೇಲೆ ಬರೆದು ಕೂರಿಸಿದಲ್ಲಿ, ಅದಕ್ಕೆ ತಕ್ಕ ನೆರೆಹೊರೆಯನ್ನು ಚಿತ್ರಕಾರನು ಕಲ್ಪಿಸಿಕೊಳ್ಳಬೇಕಾದ ಪ್ರಮೇಯವೇ ಇಲ್ಲ.

ಮೊದಲು ಕಬ್ಬೆಕ್ಕನ್ನು ನೋಡಿ. ಬೆಕ್ಕಿನಂತೆ ತೋರಿದರೂ ಮಾರ್ಜಾಲಕುಲಕ್ಕೆ ಸೇರದ, ಪುನುಗಿನ ಬಳಗದ ಈ ನಿಶಾಚರ, ಕಾಫಿಗಿಡದಲ್ಲಿ ಚೆನ್ನಾಗಿ ಕಳಿತ ಹಣ್ಣುಗಳನ್ನೇ ಆಯ್ದು ತಿಂದು, ತಿರುಳನ್ನು ಜೀರ್ಣಿಸಿಕೊಂಡು, ಬೀಜವನ್ನು ಇಡಿಯಾಗಿ ಹಿಕ್ಕೆಯಲ್ಲಿ ಬಿಟ್ಟುಹೋಗುತ್ತದೆ; ಅದನ್ನೇ ಆರಿಸಿ, ತೊಳೆದು, ಹುರಿದು, ಸಿರಿವಂತರ ಬಟ್ಟಲಿಗೆ ದೊಡ್ಡ ಬೆಲೆಗೆ ಮಾರುವವರಿದ್ದಾರೆಂದು ಕೇಳಿದರೆ ನಮ್ಮ ಬೆಕ್ಕು ಮೀಸೆಯಲ್ಲೇ ನಕ್ಕೀತು.

ನೆರಳುಮರದ ತುದಿಯಲ್ಲಿ ಕಡ್ಡಿ, ಎಲೆಗಳ ಗೂಡು ಹೆಣೆಯುವ ಕೆಂದಳಿಲು ನೆಲಕ್ಕಿಳಿಯುವುದೇ ಅಪರೂಪವಾದ್ದರಿಂದ, ಅದರೊಡನೆ ಕತ್ತೆತ್ತಿಯೇ ಸಂಭಾಷಿಸಬೇಕು. ಇನ್ನು, ಹಲಸು ಮಾಗುವ ಕಾಲಕ್ಕೆ ವಾಸನೆ ಹಿಡಿದು ತೋಟಕ್ಕೆ ನುಗ್ಗುವ ಕಾಡಾನೆಯ ಸಖ್ಯವೆಂಬುದು ಕಾರ್ಟೂನಿನಲ್ಲಿ ಮಾತ್ರ ಸಾಧ್ಯ. ಮುಂಜಾನೆ ಕೆಲಸಕ್ಕೆ ಹೊರಡುವ ಕಾರ್ಮಿಕರಿಗೆ ಅದು ವಿನೋದದ ಸಂಗತಿಯಲ್ಲ. ಆನೆಯ ಗೆಳೆತನ ಬೇಕೇ ಬೇಕೆಂದಾದಲ್ಲಿ, ಅನತಿದೂರದ ದುಬಾರೆಯಲ್ಲಿ ಹೊಳೆಗಿಳಿದು ಮಾವುತನ ಕೈಯಲ್ಲಿ ಮೈಯುಜ್ಜಿಸಿಕೊಳ್ಳುವ ಸಾಕಾನೆಯೇ ಲೇಸು. ನೀರೆಂದರೆ ಆಗದ ಬೆಕ್ಕು ದಡದಲ್ಲೇ ಕುಳಿತು ಮಾತಾಡಿಸಲಿ!