ಕಲ್ಲಿನಲ್ಲಿ ಉಳಿದ ಮರ

ಕೊಡಗಿನ ಸಿದ್ದಾಪುರದಲ್ಲಿ ಒಂದು ಮಳೆಗಾಲ ಕಳೆದವರಿಗೆ ಇಳಿಜಾರು ಮಾಡಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಮಳೆಗೂ ಗೆದ್ದಲಿಗೂ ಮರವು ಹೇಗೆ ಈಡಾಗುವುದೆಂಬುದನ್ನೂ ಅವರು ಬಲ್ಲರು. ನಮ್ಮ ದೇಶದ ಪ್ರಾಚೀನ ಮರದ ಕಟ್ಟಡಗಳು ಬಹುಮಟ್ಟಿಗೆ ಅಳಿದುಹೋಗಿವೆ. ಹಾಗಾದರೆ ಅವುಗಳ ರೂಪವನ್ನು ನಾವು ಅರಿಯುವುದು ಹೇಗೆ? ಕಲ್ಲೇ ಅದಕ್ಕೆ ಸಾಕ್ಷಿ.

ಸಾಂಚಿಯ ಬೌದ್ಧಸ್ತೂಪದ ಸುತ್ತಲಿನ ಕಲ್ಲಿನ ಬೇಲಿಯನ್ನು ನೋಡೋಣ. ಅದರ ಅಡ್ಡಪಟ್ಟಿಗಳ ತುದಿಗಳನ್ನು, ಬಡಗಿಯು ಮರವನ್ನು ಕೂಡಿಸುವಂತೆ, ಕಂಬಗಳಲ್ಲಿ ಕೊರೆದ ಕುಳಿಗಳೊಳಗೆ ಸೇರಿಸಿದ್ದಾರೆ. ಮಹಾರಾಷ್ಟ್ರದ ಕಾರ್ಲೆಯ ಚೈತ್ಯಗುಹೆ ಇನ್ನೂ ಸೋಜಿಗದ್ದು. ಅದನ್ನು ಬಂಡೆಯಲ್ಲೇ ಕೊರೆದಿರುವುದರಿಂದ ಛಾವಣಿಗೆ ಆಸರೆಯೇ ಬೇಕಿಲ್ಲ. ಆದರೂ ಅಲ್ಲಿ ಕಮಾನಿನಂತೆ ಬಾಗಿದ ತೇಗದ ತೊಲೆಗಳನ್ನು ಜೋಡಿಸಿದ್ದಾರೆ. ಸುಮಾರು 2,000 ವರ್ಷಗಳ ಹಿಂದಿನ ಆ ಮರವು ಗುಹೆಯ ಮರೆಯಲ್ಲಿ ಇಂದಿಗೂ ಉಳಿದಿದೆ.

ಹಿಂದೂ ದೇವಾಲಯಗಳಲ್ಲಿಯೂ ಇದೇ ಕಥೆ. ಬಾದಾಮಿ ಚಾಲುಕ್ಯರ ಕಾಲದ ಐಹೊಳೆಯ ಲಾಡಖಾನ್ ಗುಡಿಯ ಮಾಡಿನ ಚಪ್ಪಡಿಗಳು ಇಳಿಜಾರಾಗಿವೆ. ಚಪ್ಪಡಿಗಳ ಸಂದುಗಳ ಮೇಲೆ ಮರದ ದಿಮ್ಮಿಯಂತಹ ನೀಳವಾದ ಕಲ್ಲುಗಳನ್ನಿಟ್ಟು, ನೀರು ಸೋರದಂತೆ ಮಾಡಿದ್ದಾರೆ.

ಮತಗಳು ಬೇರೆಯಾದರೂ ಶಿಲ್ಪಿಗಳ ಗುರು ಒಬ್ಬನೇ, ಅವನು ಬಡಗಿ. ಇಂತಹ ಸ್ಥಳಗಳಿಗೆ ಹೋದಾಗ ವಿದ್ಯಾರ್ಥಿಗಳು ವಿಗ್ರಹಗಳನ್ನಷ್ಟೇ ನೋಡಿ ಹಿಂದಿರುಗದೆ, ಬೇಲಿಯ ಬೆಸುಗೆಯನ್ನೂ ಮಾಡಿನ ಸಂದನ್ನೂ ಗಮನಿಸಲಿ. ಅಳಿದುಹೋದ ಮರದ ಮನೆಯೊಂದು ಅಲ್ಲಿ ಕಂಡೀತು.